ಮಕ್ಕಳ ಗ್ರಾಮ ಸಭೆ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಈ ಸಲದ ಮಕ್ಕಳ ಗ್ರಾಮ ಸಭೆ ನಮ್ಮ ಶಾಲೆಯ ಅಂಗಳದಲ್ಲೇ ನಡೆಯಲಿದೆ. ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎಲ್ಲರೂ ಬರುತ್ತಾರೆ. ಮಕ್ಕಳು ಕೇಳುತ್ತಾರೆ, ಅವರು ಉತ್ತರ ಕೊಡಬೇಕು. ಟೊಮೆಟೊ ಕೀಳೋದಿದೆ ಅಂತ ಅವತ್ತು ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿ.

ಸಭೆಯ ತಯಾರಿಗೆ ಆರು, ಏಳನೇ ತರಗತಿಯವರು ಊರಿನ ನಕ್ಷೆ ಬರೆದರು. ಇಷ್ಟವಾದ ಜಾಗಕ್ಕೆ ಹಸಿರು, ಹೆದರಿಕೆಯಾಗುವ ಜಾಗಕ್ಕೆ ಕೆಂಪು. ಹೆಚ್ಚುಕಡಿಮೆ ಎಲ್ಲರ ನಕ್ಷೆಯಲ್ಲೂ ಕೆರೆ ದಂಡೆ ಕೆಂಪಾಗಿತ್ತು! ಕೋಲಾರದ ಕೆರೆಗಳು ಎಷ್ಟು ವರ್ಷ ಒಣಗಿದ್ದವು ಅಂತ ನಿಮಗೆ ಗೊತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಜಿಲ್ಲೆಯ ಕೆರೆಗಳಿಗೆ ಬರಲು ಶುರುವಾಯಿತು. ಕೆರೆ ತುಂಬಿದ್ದನ್ನು ನೋಡಿ ನಾವೆಲ್ಲ ಖುಷಿಪಟ್ಟೆವು, ಬೋರ್‌ವೆಲ್‌ಗೆ ನೀರು ಬರುವ ಲೆಕ್ಕ ಹಾಕಿದೆವು. ಒಣ ಕೆರೆಯಲ್ಲಿ ಕ್ರಿಕೆಟ್ ಆಡಿಕೊಂಡಿದ್ದ ಊರಿನ ಮಕ್ಕಳಿಗೆ ಈಜು ಎಲ್ಲಿಂದ ಬರಬೇಕು? ಏರಿ ಮೇಲೆ ಬೇಲಿ ಹಾಕಿಸಿ ಅಂತ ದೊಡ್ಡವರು ಯಾರೂ ಕೇಳಲಿಲ್ಲ. ಮಕ್ಕಳು ಕೇಳುತ್ತಿದ್ದಾರೆ.

ಇನ್ನೊಂದು ಕೆಂಪು ಗುರುತು ಬಸ್ ಸ್ಟಾಪ್ ಹತ್ತಿರದ ಅರಳಿಕಟ್ಟೆಗೆ ಬಿದ್ದಿದೆ. ಅಲ್ಲಿ ಇಸ್ಪೀಟು ಆಡುವವರು ಕೂತಿರುತ್ತಾರೆಂದು ಹೆಣ್ಣುಮಕ್ಕಳು ಬಳಸು ದಾರಿಯಲ್ಲಿ ಶಾಲೆಗೆ ಬರುತ್ತಾರಂತೆ. ದಿನಾ ಅಲ್ಲೇ ಓಡಾಡುವ ನಮಗೆ ಇದು ಕಂಡೇ ಇರಲಿಲ್ಲ, ಅಲ್ವಾ?

ನಿಮ್ಮಲ್ಲಿ ಒಂದು ವಿನಂತಿ. ದಯವಿಟ್ಟು ಮಗುವಿಗೆ ಚೀಟಿ ಬರೆದುಕೊಟ್ಟು ಕಳಿಸಬೇಡಿ. "ನಮ್ಮ ಬೀದಿಗೆ ಸಿಮೆಂಟ್ ರಸ್ತೆ ಬೇಕು" ಎನ್ನುವುದು ನಿಮ್ಮ ಬೇಡಿಕೆ. ಅದನ್ನು ದೊಡ್ಡವರ ಗ್ರಾಮ ಸಭೆಯಲ್ಲಿ ನೀವೇ ಕೇಳಿ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ತೆಲುಗಿನಲ್ಲೇ ಕೇಳಲಿ, ನಾವು ಕನ್ನಡದಲ್ಲಿ ಬರೆದುಕೊಳ್ಳುತ್ತೇವೆ. ಎದ್ದು ನಿಂತು ಹೇಳಲು ನಾಚಿಕೆಯೋ ಭಯವೋ ಇದ್ದವರಿಗೆ ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದೇವೆ. ಹೆಸರು ಬರೆಯಬೇಕಿಲ್ಲ. ಹೊಡೆತ, ಬಾಲ್ಯವಿವಾಹದಂಥ ವಿಷಯ ಸಭೆವರೆಗೂ ಕಾಯಬಾರದು. ಅದಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ.

ಕೆಲವು ಮಾತು ನಿಮಗೆ ಕಸಿವಿಸಿ ಆಗಬಹುದು. ಶಾಲೆಯಿಂದ 100 ಗಜದೊಳಗೆ ಬೀಡಿ, ಗುಟ್ಕಾ ಮಾರಬಾರದು ಎಂದು 2003ರ ಕಾನೂನಿದೆ. ಮಗು ಸಭೆಯಲ್ಲಿ ಆ ಮಾತು ಎತ್ತಿದಾಗ ಅಂಗಡಿಯವರು ನಿಮ್ಮ ನೆಂಟರೇ ಆಗಿರಬಹುದು! "ಊರ ಉಸಾಬರಿ ನಿನಗ್ಯಾಕೆ" ಅಂತ ಆಮೇಲೆ ಮನೆಯಲ್ಲಿ ಗದರಬೇಡಿ. ಒಂದು ಸಲ ಗದರಿಸಿಕೊಂಡ ಮಗು ಮುಂದಿನ ವರ್ಷ ಬಾಯಿ ಬಿಡುವುದಿಲ್ಲ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಮಾತಾಡುವುದು ಮಕ್ಕಳ ಹಕ್ಕು. 1989ರ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹಾಗೆ ಹೇಳುತ್ತದೆ. ಭಾರತ ಅದನ್ನು 1992ರಲ್ಲೇ ಒಪ್ಪಿಕೊಂಡಿದೆ.

ಸಭೆ ಮುಗಿದು ಫೋಟೊ ತೆಗೆಸಿಕೊಂಡರೆ ಕೆಲಸ ಆಯಿತು ಎನ್ನುವವಳು ನಾನಲ್ಲ. ಮಕ್ಕಳ ಬೇಡಿಕೆಗಳನ್ನೂ ಪಂಚಾಯಿತಿ ಕೊಟ್ಟ ಉತ್ತರವನ್ನೂ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಪ್ರತಿ ಸಲ ಅದನ್ನೇ ಮೊದಲು ತೆಗೆದುಕೊಳ್ಳೋಣ. ಯಾವುದು ಆಯಿತು, ಯಾವುದು ಯಾಕೆ ಆಗಲಿಲ್ಲ ಎಂದು ಕೇಳಲು ನೀವೂ ಬನ್ನಿ.

ನಕ್ಷೆಗಳನ್ನು ಏಳನೇ ತರಗತಿ ಕೋಣೆಯಲ್ಲಿ ಅಂಟಿಸಿದ್ದೇವೆ. ಡೇರಿಗೆ ಹಾಲು ಹಾಕಿ ಬರುವಾಗ ನೋಡಿ ಹೋಗಿ.

ಇಂತಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕೋಲಾರ ತಾಲ್ಲೂಕು