ಬೂಷ್ಟಿನ ಮೇಲೆ ಬಣ್ಣ ಬಳಿದರೆ ಸಾಲದು

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳ ಗೋಡೆಗೆ ಬೂಷ್ಟು ಹಿಡಿಯುವುದನ್ನು ನಾವು ಬಣ್ಣ ಕೆಡುವ ಸಮಸ್ಯೆಯೆಂದಷ್ಟೇ ನೋಡುತ್ತಿದ್ದೇವೆ. ತೇವ, ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಉಸಿರಾಟದ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ.

ಬಣ್ಣಕ್ಕೆ ಮೊದಲು ತೇವದ ಮೂಲ ಪತ್ತೆಯಾಗಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಾದರೆ ಅದು ಕೋಣೆಯ ಗಾಳಿಯ ತೇವ, ಅಂದರೆ ಒಳಗೆ ಒಣಹಾಕಿದ ಬಟ್ಟೆ, ಬಚ್ಚಲಿನ ಹಬೆ. ನೆಲದಿಂದ ಮೂರಡಿಯೊಳಗೆ ಗಿಲಾವು ಉದುರಿ ಬಿಳಿ ಉಪ್ಪು ಕಂಡರೆ ಬಹುಪಾಲು ತಳಪಾಯದಿಂದಲೇ ನೀರು ಏರುತ್ತಿರುತ್ತದೆ. ಅದರ ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ತೇವ ಇನ್ನಷ್ಟು ಮೇಲೇರುತ್ತದೆ. ಒಣ ಬೂಷ್ಟನ್ನು ಪೊರಕೆಯಿಂದ ಕೆರೆಯುವುದಂತೂ ಬೇಡವೇ ಬೇಡ, ಕಣಗಳು ಮನೆಯಿಡೀ ಹರಡುತ್ತವೆ. ಮಾಸ್ಕ್ ಧರಿಸಿ ಸೋಪಿನ ನೀರಿನಿಂದ ಒದ್ದೆ ಮಾಡಿ ಒರೆಸಬೇಕು.

ವಸತಿ ಯೋಜನೆಯ ಮನೆಗಳಿಗೆ ತಳಪಾಯದ ಕಂತು ಬಿಡುಗಡೆ ಮಾಡುವ ಮುನ್ನ, ಪಾಯದ ಮೇಲೆ ತೇವ ತಡೆಯುವ ಕಾಂಕ್ರೀಟ್ ಪದರ (ಡಿಪಿಸಿ) ಹಾಕಿರುವುದನ್ನು ಎಂಜಿನಿಯರ್ ಸ್ಥಳದಲ್ಲೇ ಪರಿಶೀಲಿಸುವಂತೆ ಸರ್ಕಾರ ಸೂಚಿಸಲಿ.

– ಓದುಗ, ತೀರ್ಥಹಳ್ಳಿ