ಮಾಸ್ಕ್ ಹಾಕಿದವರು ಹಿಂದಿನ ಸೀಟಿಗೆ ಹೋಗಬೇಕು ಅನ್ನೋ ನಿಯಮ ಎಲ್ಲಿದೆ, ಸಚಿವರೇ?

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರ.

ನನಗೆ ಕಿಡ್ನಿ ಕಸಿ ಆಗಿದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸಬಾರದು ಅಂತ ಜೀವ ಇರುವವರೆಗೂ ಮಾತ್ರೆ ನುಂಗಬೇಕು. ಆ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಬೇರೆಯವರಿಗೆ ಎರಡು ದಿನದ ನೆಗಡಿ ಆದದ್ದು ನನಗೆ ಆಸ್ಪತ್ರೆ ವಾಸ ಆಗಬಹುದು. ಅದಕ್ಕೇ ಹಾಸನದಿಂದ ಬೆಂಗಳೂರಿಗೆ ತಪಾಸಣೆಗೆ ಹೋಗುವಾಗ ಬಸ್ಸಿನಲ್ಲಿ ಮಾಸ್ಕ್ ಹಾಕುತ್ತೇನೆ. ಡಾಕ್ಟರ್ ಹೇಳಿದ್ದು, ಶೋಕಿಗಲ್ಲ.

"ಕೊರೊನಾ ಹೋಗಿ ಎಷ್ಟು ವರ್ಷ ಆಯ್ತಮ್ಮಾ?" ಅಂತ ಕೇಳಿದವರಿಗೆಲ್ಲ ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಕಳೆದ ತಿಂಗಳು ನಗಲು ಆಗಲಿಲ್ಲ.

ಚನ್ನರಾಯಪಟ್ಟಣದಲ್ಲಿ ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕ ಕೂತರು. ಒಂದೇ ಸಮನೆ ಕೆಮ್ಮು. ಬಾಯಿಗೆ ಸೆರಗೂ ಅಡ್ಡ ಇಲ್ಲ. ಬ್ಯಾಗಿನಲ್ಲಿದ್ದ ಹೊಸ ಮಾಸ್ಕ್ ತೆಗೆದು "ತಪ್ಪು ತಿಳ್ಕೋಬೇಡಿ ಅಕ್ಕಾ, ಇದನ್ನ ಹಾಕ್ಕೊಳ್ತೀರಾ?" ಅಂದೆ. ಅಷ್ಟೇ ನೋಡಿ. "ರೋಗ ನಿನಗೆ, ನನಗ್ಯಾಕೆ ಮಾಸ್ಕು?" ಅಂತ ಎದ್ದು ನಿಂತು ಕೂಗಾಡಿದರು. ಹಿಂದಿನಿಂದ ಯಾರೋ "ಟಿಬಿ ಇರ್ಬೇಕು, ಇಳಿಸ್ರೀ ಅವಳನ್ನ" ಅಂದರು. ಕೆಮ್ಮು ಅವರದು, ಟಿಬಿ ನನಗೆ! ಇನ್ನೊಬ್ಬರು "ಫ್ರೀ ಟಿಕೆಟ್ ಬೇರೆ, ಅದರಲ್ಲಿ ಇಷ್ಟೊಂದು ರೂಲ್ಸು" ಅಂದರು. ಶಕ್ತಿ ಯೋಜನೆಗೂ ನನ್ನ ಮೂಗಿಗೂ ಏನು ಸಂಬಂಧವೋ ದೇವರೇ ಬಲ್ಲ.

ಕಂಡಕ್ಟರ್ ಬಂದು ತೀರ್ಪು ಕೊಟ್ಟರು. "ಅಷ್ಟು ಭಯ ಇದ್ರೆ ಕಾರ್ ಮಾಡ್ಕೊಂಡು ಹೋಗ್ಬೇಕು. ಈಗ ಎದ್ದು ಹಿಂದಿನ ಸೀಟಿಗೆ ಹೋಗಿ."

ಹೋದೆ. ಕಸಿ ಮಾಡಿದ ಕಿಡ್ನಿ ಇರುವುದು ಬೆನ್ನಲ್ಲಲ್ಲ, ಕೆಳಹೊಟ್ಟೆಯಲ್ಲಿ. ಕುಣಿಗಲ್, ನೆಲಮಂಗಲ ದಾಟುವವರೆಗೂ ಬಸ್ಸು ಎಗರಿದಾಗಲೆಲ್ಲ ಅಲ್ಲಿ ಕೈ ಒತ್ತಿ ಹಿಡಿದೆ. ಕೆಮ್ಮುತ್ತಿದ್ದವರು ನನ್ನ ಕಿಟಕಿ ಸೀಟಿನಲ್ಲಿ ಆರಾಮಾಗಿ ನಿದ್ದೆ ಮಾಡಿದರು.

ಮಾಸ್ಕ್ ಹಾಕಬಾರದು ಅಂತ ಯಾವ ಆದೇಶವೂ ಇಲ್ಲ. ಅದು ನನಗಿಂತ ನಿಮಗೇ ಜಾಸ್ತಿ ಗೊತ್ತು. 2020ರಲ್ಲಿ ನಗರಗಳಲ್ಲಿ ಮಾಸ್ಕ್ ಹಾಕದವರಿಗೆ ಸಾವಿರ ರೂಪಾಯಿ ದಂಡ ಅಂದಿತ್ತು ಸರ್ಕಾರ. ಜನ ಬೈದ ಮೇಲೆ ಅಕ್ಟೋಬರ್‌ನಲ್ಲಿ 250ಕ್ಕೆ ಇಳಿಸಿತು. 2023ರ ಡಿಸೆಂಬರ್‌ನಲ್ಲಿ ಕೊರೊನಾದ ಹೊಸ ತಳಿ ಜೆಎನ್.1 ಬಂದಾಗ 60 ದಾಟಿದವರು ಮಾಸ್ಕ್ ಹಾಕಿ ಅಂತ ಸರ್ಕಾರವೇ ಹೇಳಿತು. ಆಗ ಹಾಕದಿದ್ದರೆ ದಂಡ, ಈಗ ಹಾಕಿದರೆ ಹಿಂದಿನ ಸೀಟು. ಭೇಷ್!

ಮಾಸ್ಕ್ ಕಂಡರೆ ಜನರಿಗೆ ಆ ಎರಡು ವರ್ಷಗಳು ನೆನಪಾಗುತ್ತವೆ, ಅದಕ್ಕೇ ಈ ಸಿಟ್ಟು ಅಂತ ನನಗನ್ನಿಸುತ್ತದೆ. ಮರೆಯಲಿ, ಬೇಡ ಅನ್ನಲ್ಲ. ಎಲ್ಲರೂ ಹಾಕಿ ಅಂತಲೂ ನಾನು ಕೇಳುತ್ತಿಲ್ಲ. ಕಂಡಕ್ಟರ್‌ಗಳಿಗೆ ಒಂದು ಸುತ್ತೋಲೆ ಕಳಿಸಿ. ಮಾಸ್ಕ್ ಹಾಕಿದವರನ್ನು ಸೀಟಿನಿಂದ ಎಬ್ಬಿಸಬಾರದು, ಇಳಿಸುತ್ತೇನೆ ಅನ್ನಬಾರದು, ಇಷ್ಟೇ ಬರೆಯಿರಿ. ಬಸ್ಸಿನಲ್ಲಿ "ಧೂಮಪಾನ ನಿಷೇಧಿಸಿದೆ" ಅಂತ ಬರೆಸಲು ಜಾಗ ಇದೆ. ಅದರ ಕೆಳಗೆ "ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ" ಅಂತ ಒಂದು ಸಾಲು ಹಿಡಿಸುವುದಿಲ್ವಾ?

"ನಿಮ್ಮ ಪತ್ರ ಪರಿಶೀಲನೆಯಲ್ಲಿದೆ" ಅನ್ನೋ ಉತ್ತರ ದಯವಿಟ್ಟು ಬೇಡ. ಸುತ್ತೋಲೆ ಕಳಿಸಿ. ಅದರ ಒಂದು ಪ್ರತಿ ನನಗೂ ಕೊಡಿ, ಆಧಾರ್ ಕಾರ್ಡ್ ಜೊತೆಗೇ ಇಟ್ಟುಕೊಂಡು ಮುಂದಿನ ತಪಾಸಣೆಗೆ ಹೊರಡುತ್ತೇನೆ.

ಇಂತಿ,
ಹಾಸನದ ಒಬ್ಬ ಪ್ರಯಾಣಿಕಳು