ಅಜ್ಜನ ಬಿಎಸ್‌ಎ ಬಿಚ್ಚುವ ಮೊದಲು

ಮೈಸೂರು

ಪುಟ್ಟಾ,

ಆಶೀರ್ವಾದಗಳು. ಕೊಟ್ಟಿಗೆಯಿಂದ ಅಜ್ಜನ ಬೈಕು ಹೊರಗೆ ತೆಗೆದ ಫೋಟೋನ ನಿಮ್ಮಪ್ಪ ಕಳಿಸಿದ. ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಟ್ಯಾಂಕಿನ ಮೇಲೆ ಕೋಳಿ ಕೂತ ಗುರುತು ಕೂಡ ಕಾಣಿಸಿತು. ಖುಷಿಯಾಯಿತು. ಆದರೆ ಜೊತೆಗೆ ಬಂದ ಸುದ್ದಿ ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ಸೋಮವಾರ ಗ್ಯಾರೇಜಿಗೆ ಕೊಟ್ಟು, ಪೂರ್ತಿ ಬಿಚ್ಚಿಸಿ, ಮರಳು ಹೊಡೆಸಿ ಹಳೇ ಬಣ್ಣ ಕೀಳಿಸಿ, ಪೌಡರ್ ಕೋಟಿಂಗ್ (ಪುಡಿ ಬಣ್ಣ ಕಾಯಿಸಿ ಕೂರಿಸುವುದು) ಮಾಡಿಸುತ್ತೀಯಂತೆ. ಸ್ವಲ್ಪ ತಡಿ ಮಗಾ. ಮೊದಲು ಅದು ಏನು ಅಂತ ತಿಳಿದುಕೊ.

ಅದು ಬಿಎಸ್‌ಎ ಎಂ20. ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕು ಮಾಡುತ್ತಿದ್ದ ಕಂಪನಿ. 1940ರ ನವೆಂಬರ್ 19ರ ರಾತ್ರಿ ಸ್ಮಾಲ್ ಹೀತ್‌ನ ಅವರ ಕಾರ್ಖಾನೆ ಮೇಲೆ ಜರ್ಮನ್ ಬಾಂಬ್ ಬಿದ್ದು 53 ಕೆಲಸಗಾರರು ಸತ್ತರು. ಆಮೇಲೂ ಗಾಡಿ ಬರುವುದು ನಿಲ್ಲಲಿಲ್ಲ. ಯುದ್ಧಕ್ಕೆಂದು ಸುಮಾರು 1,26,000 ಎಂ20 ಮಾಡಿದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಇಲ್ಲೇ ಬಿಟ್ಟ ಗಾಡಿಗಳು ಹರಾಜಾದವು. ಹಾಗೆ ಹರಾಜಿನಲ್ಲಿ ಹಿಡಿದವರೊಬ್ಬರ ಕೈಯಿಂದ ನಮ್ಮಪ್ಪ ಇದನ್ನು ಕೊಂಡರು.

ಮುಂದಿನ ಫೋರ್ಕು ನೋಡು. ಬುಲೆಟ್‌ಗೆ ಇರುವ ಹಾಗೆ ಕೊಳವೆ ಅಲ್ಲ, ಮಧ್ಯೆ ಒಂದು ದಪ್ಪ ಸ್ಪ್ರಿಂಗ್ ಇರುವ ಗರ್ಡರ್ ಫೋರ್ಕು. ಹಿಂದೆ ಸಸ್ಪೆನ್ಷನ್ನೇ ಇಲ್ಲ. ಯುದ್ಧದ ಕಾಲದ ಗಾಡಿ ಅನ್ನುವುದಕ್ಕೆ ಅದು ಒಂದು ಗುರುತು. ಆದರೆ ಎಂ20ಕ್ಕೆ ಎಂ21 ಅಂತ ಒಬ್ಬ ಅಣ್ಣ ಇದ್ದಾನೆ. ಹೊರಗಿನಿಂದ ಇಬ್ಬರೂ ಹೆಚ್ಚುಕಮ್ಮಿ ಒಂದೇ. ಎರಡಕ್ಕೂ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 82 ಮಿಲಿಮೀಟರ್. ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ತೆಗೆದ ದಿನ ಪಿಸ್ಟನ್ ಎಷ್ಟು ದೂರ ಓಡಾಡುತ್ತದೆ ಅಂತ ಅಳೆ. 94 ಬಂದರೆ ಎಂ20, 496 ಸಿಸಿ. 112 ಬಂದರೆ ಯಾವುದೋ ಕಾಲದಲ್ಲಿ ಯಾರೋ ಎಂ21ರ ಇಂಜಿನ್ ಕೂರಿಸಿದ್ದಾರೆ. ಹೆಡ್ ತೆಗೆಯುವ ಹೊತ್ತಿಗೆ ಅಪ್ಪ ನನ್ನನ್ನು ಎಂದೂ ಹತ್ತಿರ ಬಿಡಲಿಲ್ಲ, ಹಾಗಾಗಿ ಅಳತೆ ನನಗೂ ಗೊತ್ತಿಲ್ಲ.

ಈಗ ನಂಬರ್ ವಿಷಯ. ಇದನ್ನು ನಿಧಾನವಾಗಿ ಓದು. ಇಂಜಿನ್ ನಂಬರ್ ಎಡಗಡೆ, ಸಿಲಿಂಡರ್ ಕೂರುವ ಜಾಗದ ಕೆಳಗೆ ಇದೆ. ಚಾಸಿ ನಂಬರ್ ಮುಂದೆ, ಹ್ಯಾಂಡಲ್ ಕುತ್ತಿಗೆಯ ಕಡೆ. ಸೀಮೆಎಣ್ಣೆಯಲ್ಲಿ ಬಟ್ಟೆ ನೆನೆಸಿ ಒರೆಸು. ತಂತಿ ಬ್ರಷ್ ಬೇಡ, ಎಮರಿ ಪೇಪರ್ ಅಂತೂ ಮುಟ್ಟಲೇಬೇಡ. ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೆ ಅಕ್ಷರ ಮೂಡುತ್ತದೆ. ಡಬ್ಲ್ಯೂಎಂ20 ಅಂತ ಶುರುವಾದರೆ ಸೈನ್ಯಕ್ಕೆ ಮಾಡಿದ್ದು. ಎರಡು ನಂಬರೂ ಬೇರೆಬೇರೆ ಇರುತ್ತವೆ. ಅದನ್ನು ನೋಡಿ ಗಾಬರಿ ಬೀಳಬೇಡ. ಟ್ರಯಂಫ್‌ನ ಬಾನೆವಿಲ್‌ನಂಥ ಗಾಡಿಗಳಲ್ಲಿ ಎರಡೂ ಒಂದೇ ಇರಬೇಕು. ಆದರೆ ಈ ಬಿಎಸ್‌ಎಗೆ ಕಾರ್ಖಾನೆಯಲ್ಲೇ ಬೇರೆಬೇರೆ ಹೊಡೆದು ಕಳಿಸಿದರು. 'ಮ್ಯಾಚಿಂಗ್ ನಂಬರ್ ಮಾಡಿ ಕೊಡ್ತೀನಿ' ಅಂತ ಯಾರಾದರೂ ಹೇಳಿದರೆ ಅವರ ಕೈಗೆ ಗಾಡಿ ಕೊಡಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಕಳೆದುಕೊಂಡಿದ್ದೇನೆ. ನನ್ನದೇ ಒಂದು ಬಿಎಸ್‌ಎ ಇತ್ತು, ನೀನು ಹುಟ್ಟುವ ಮೊದಲಿನ ಮಾತು. ಹೊಳೆಯಲಿ ಅಂತ ಒಂದು ಗ್ಯಾರೇಜಿಗೆ ಕೊಟ್ಟೆ. ಕ್ರ್ಯಾಂಕ್‌ಕೇಸಿಗೆ (ಇಂಜಿನ್ನಿನ ಕೆಳಗಿನ ಪೆಟ್ಟಿಗೆ) ಹೊಳಪು ಬರಲಿ ಅಂತ ಬಫಿಂಗ್ ಹೊಡೆಯುವಾಗ ನಂಬರೂ ಸವೆದುಹೋಯಿತು. ಹತ್ತಿರ ನಿಂತು ನೋಡಿಕೊಳ್ಳದೆ ಇದ್ದದ್ದು ನನ್ನ ತಪ್ಪು. ಆರ್‌ಸಿಯಲ್ಲಿ ಇದ್ದ ನಂಬರ್ ಗಾಡಿಯಲ್ಲಿ ಇಲ್ಲ. ಕೊನೆಗೆ ಬಿಡಿಭಾಗಗಳ ಲೆಕ್ಕದಲ್ಲಿ ಮಾರಿದೆ. ಆ ಸಂಕಟ ಇನ್ನೂ ಹೋಗಿಲ್ಲ. ಈಗಂತೂ 2021ರ ನಿಯಮ ಬಂದಿದೆ. 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರ್ ಪ್ಲೇಟಿನಲ್ಲಿ 'ವಿಎ' ಬರುತ್ತದೆ. ಚಾಸಿ, ಇಂಜಿನ್ ದೊಡ್ಡದಾಗಿ ಬದಲಾಯಿಸಿರಬಾರದು ಅನ್ನುವುದೇ ಅದರ ಷರತ್ತು. ಅಜ್ಜನ ಹಳೇ ಕಾಗದಗಳು ಕಬ್ಬಿಣದ ಪೆಟ್ಟಿಗೆಯಲ್ಲಿವೆ. ನಿಮ್ಮಜ್ಜಿಯನ್ನು ಕೇಳು.

ಇನ್ನು ಸ್ಪ್ಯಾನರ್. ನಿನ್ನ ಹತ್ತಿರ ಇರುವ ಮಿಲಿಮೀಟರ್ ಸೆಟ್ ಇದಕ್ಕೆ ಆಗುವುದಿಲ್ಲ. ಇಲ್ಲಿನ ನಟ್ಟು ಬೋಲ್ಟುಗಳ ತಲೆ ವಿಟ್‌ವರ್ತ್ ಅನ್ನುವ ಹಳೇ ಇಂಗ್ಲಿಷ್ ಇಂಚಿನ ಅಳತೆಯದು. ಕಾಲು ಇಂಚಿನ ವಿಟ್‌ವರ್ತ್ ಸ್ಪ್ಯಾನರ್ ಬಾಯಿ 13.3 ಮಿಲಿಮೀಟರ್. 13 ಹೋಗುವುದಿಲ್ಲ, 14 ಜಾರಿ ನಟ್ಟಿನ ಮೂಲೆ ತಿನ್ನುತ್ತದೆ. ಸ್ಪ್ಯಾನರ್ ಮೇಲೆ ಬರೆದಿರುವ ಸಂಖ್ಯೆ ಬೋಲ್ಟಿನ ದಪ್ಪದ್ದು, ಬಾಯಿಯದಲ್ಲ. ಮೊದಮೊದಲು ಎಲ್ಲರೂ ಇಲ್ಲಿ ಎಡವುತ್ತಾರೆ. ಥ್ರೆಡ್ಡೂ ಹಾಗೇ. ಬಹಳ ಕಡೆ ಸೈಕಲ್ ಥ್ರೆಡ್, ಇಂಚಿಗೆ 26. ಎರಡು ಸುತ್ತು ಕೈಯಲ್ಲೇ ತಿರುಗದಿದ್ದರೆ ಅದು ಬೇರೆ ಬೋಲ್ಟು, ಒತ್ತಾಯ ಮಾಡಬೇಡ. ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಹಳೇ ಸ್ಪ್ಯಾನರ್ ಸಿಗುತ್ತವೆ. ನಿನಗೆ ಅಷ್ಟು ದೂರ ಹೋಗುವ ಕಷ್ಟ ಬೇಡ, ಅಜ್ಜನ ಸೆಟ್ ನನ್ನ ಹತ್ತಿರ ಇದೆ.

ಕಿಕ್ಕರ್ ಮೇಲೆ ಕಾಲಿಡುವ ಮೊದಲು ಆಯಿಲ್ ನೋಡು. ಗಾಡಿ ಇಷ್ಟು ವರ್ಷ ನಿಂತಿದೆ. ಆಯಿಲ್ ಟ್ಯಾಂಕಿನಲ್ಲಿದ್ದದ್ದು ನಿಧಾನವಾಗಿ ಪಂಪಿನೊಳಗಿಂದ ಜಿನುಗಿ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಅಡಿಯಿಂದ ಅದನ್ನೆಲ್ಲ ಇಳಿಸಿ, ಟ್ಯಾಂಕು ತೊಳೆದು, ಹೊಸದು ಹಾಕು. ಆಯಿಲ್ ಪೈಪಿಗೆ ಒಂದು ನಲ್ಲಿ ಕೂರಿಸಿ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಬೇಡ. ಒಂದು ದಿನ ತೆರೆಯಲು ಮರೆತರೆ ಇಂಜಿನ್ ಮುಗಿಯಿತು.

ಪೆಟ್ರೋಲೂ ಈಗ ಮೊದಲಿನದಲ್ಲ, ಶೇಕಡ 20 ಎಥನಾಲ್ ಇದೆ. ಅದು ನೀರು ಎಳೆಯುತ್ತದೆ, ಹಳೇ ರಬ್ಬರ್ ಪೈಪು, ವಾಷರ್ ಮೆತ್ತಗೆ ಮಾಡುತ್ತದೆ. ಎರಡು ವಾರ ಓಡಿಸುವುದಿಲ್ಲ ಅಂದರೆ ಕಾರ್ಬ್ಯುರೇಟರ್ ಖಾಲಿ ಮಾಡಿಡು. ಕಾರ್ಬ್ಯುರೇಟರ್ ನಟ್ಟುಗಳನ್ನು ಜಾಸ್ತಿ ಬಿಗಿಯಬೇಡ, ಆ ಲೋಹ ಬಾಗುತ್ತದೆ. ಬಾಗಿದರೆ ಗಾಳಿ ಎಳೆಯುತ್ತದೆ.

ಮ್ಯಾಗ್ನೆಟೋ ಅಂದರೆ ಬ್ಯಾಟರಿ ಇಲ್ಲದೆ ಕಿಡಿ ಹುಟ್ಟಿಸುವ ಭಾಗ. ಅದರ ಪಾಯಿಂಟ್ ಗ್ಯಾಪ್ (ಪಾಯಿಂಟುಗಳು ತೆರೆದಾಗಿನ ಸಂದು) 12 ಥೌ ಇಡು, ಅಂದರೆ 0.3 ಮಿಲಿಮೀಟರ್. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ, ಹತ್ತು ಮೈಲಿ ಓಡಿ ನಿಲ್ಲಿಸಿದ ಮೇಲೆ ಏಳದೆ ಹೋದರೆ ಕಾರ್ಬ್ಯುರೇಟರ್ ಬಿಚ್ಚುತ್ತಾ ಕೂರಬೇಡ. ಮ್ಯಾಗ್ನೆಟೋದ ಕಂಡೆನ್ಸರೋ ವೈಂಡಿಂಗೋ ಬಿಸಿಗೆ ಸೋತಿರುತ್ತದೆ. ಅದನ್ನು ಗೊತ್ತಿರುವವರಿಗೇ ಕೊಟ್ಟು ಸುತ್ತಿಸಬೇಕು.

ಹ್ಯಾಂಡಲ್ ಮೇಲಿನ ಇಗ್ನಿಷನ್ ಲಿವರ್ ರಿಟಾರ್ಡ್ ಕಡೆಗೆ, ಅಂದರೆ ಕಿಡಿ ತಡವಾಗಿ ಹಾರುವ ಕಡೆಗೆ, ಇಟ್ಟು ಆಮೇಲೆ ಕಿಕ್ ಹೊಡಿ. ಮರೆತರೆ ಕಿಕ್ಕರ್ ತಿರುಗಿ ಒದೆಯುತ್ತದೆ. ನಿಮ್ಮಪ್ಪನ ಮೊಣಕಾಲಿನ ಗಾಯ ಜಾರಿ ಬಿದ್ದದ್ದಲ್ಲ, ಅಜ್ಜ ಇಲ್ಲದಾಗ ಕದ್ದು ಸ್ಟಾರ್ಟ್ ಮಾಡಲು ಹೋಗಿ ಆದದ್ದು. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಮೊದಲ ಸಲ ಖಾಲಿ ಮೈದಾನದಲ್ಲೇ ಓಡಿಸು.

ಬಣ್ಣದ ಮಾತು ಆಮೇಲೆ ಆಡೋಣ. ಪೆಟ್ರೋಲ್ ಟ್ಯಾಂಕಿನ ಬಣ್ಣದ ಪದರ ಒಂದು ಮೂಲೆಯಲ್ಲಿ ಎದ್ದಿದೆ, ಫೋಟೋದಲ್ಲಿ ಕಂಡಿತು. ಅದರಡಿ ಸೈನ್ಯದ ಬಣ್ಣ ಇದ್ದರೂ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ಅಷ್ಟಕ್ಕೇ ಬಿಡು.

ಶನಿವಾರ ಬೆಳಗಿನ ಬಸ್ಸಿಗೆ ಹಾಸನಕ್ಕೆ ಬರುತ್ತೇನೆ. ಸ್ಪ್ಯಾನರ್ ತರುತ್ತೇನೆ. ಅಷ್ಟರಲ್ಲಿ ಪೆನ್ಸಿಲ್ ತಿಕ್ಕಿದ ಎರಡು ಕಾಗದ ಮಾಡಿಡು. ಗ್ಯಾರೇಜಿನವರಿಗೆ ಸೋಮವಾರ ಬರಬೇಡಿ ಅಂತ ಇವತ್ತೇ ಫೋನ್ ಮಾಡು.

ನಿನ್ನ ದೊಡ್ಡಪ್ಪ